ಬೆನ್ನಿಗೆ ಹೊಳೆ ಇಟ್ಟುಕೊಂಡು

ರಾಯಚೂರು ಕಾಳಗದ ಮಾತೆತ್ತಿದರೆ ಸಾಕು, ವಿಜಯನಗರದ ಕೃಷ್ಣದೇವರಾಯನ ದಂಡು ಎಷ್ಟು ಲಕ್ಷ, ಆನೆಗಳೆಷ್ಟು ಎಂಬ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕದಲ್ಲಿ ನನಗೆ ಆಸಕ್ತಿ ಕಡಿಮೆ. ಕಾಳಗ ಅರ್ಥವಾಗಬೇಕಾದರೆ ನೆಲ ನೋಡಬೇಕು. ಎಡೆದೊರೆ ನಾಡಿನಲ್ಲಿ ನೆಲಕ್ಕಿಂತ ಮೊದಲು ನೋಡಬೇಕಾದದ್ದು ನೀರು: ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಅದನ್ನು ಬಿಡಿಸಲು ಬಿಜಾಪುರದಿಂದ ಬಂದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯ ಉತ್ತರ ದಂಡೆಯಲ್ಲೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಹೊಳೆ ಹಾಯ್ದ. ಕುಡಿದ ಅಮಲಿನಲ್ಲಿ ಹಾಯ್ದ ಎನ್ನುತ್ತಾನೆ ಇತಿಹಾಸಕಾರ ಫೆರಿಷ್ತಾ. ಕಥೆಯೇನೋ ರಸವತ್ತಾಗಿದೆ, ಆದರೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವುದೇ ನನಗೆ ಹೆಚ್ಚು ಒಪ್ಪಿಗೆ. ಶಾಹನಿಗೆ ತನ್ನ ತೋಪುಗಳ ಮೇಲೆ ಅಪಾರ ಭರವಸೆ.

ಆ ಭರವಸೆ ಸುಳ್ಳೇನಲ್ಲ. ತೋಪುಗಳೆಲ್ಲ ಒಟ್ಟಿಗೆ ಸಿಡಿದಾಗ ರಾಯನ ಮುಂಚೂಣಿ ದಿಕ್ಕಾಪಾಲಾಯಿತು. ಬಿಜಾಪುರದವರು ಬೆನ್ನಟ್ಟಿದರು. ನನ್ನ ಪ್ರಕಾರ ಗೆಲುವು ಕೈತಪ್ಪಿದ್ದು ಅಲ್ಲೇ. ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಬೇಕು. ತುಂಬಿದರೂ ಮುಂದೆ ಓಡುತ್ತಿರುವವರು ತಮ್ಮವರೇ, ಗುಂಡು ಹಾರಿಸುವುದು ಯಾರ ಮೇಲೆ? ರಾಯ ಆಗ ತನ್ನ ಉಂಗುರ ತೆಗೆದು, ತಾನು ಸತ್ತರೆ ರಾಣಿಯರಿಗೆ ತೋರಿಸೆಂದು ಸೇವಕನ ಕೈಗಿತ್ತನಂತೆ. ನಾಟಕದವರಿಗೆ ಹೇಳಿ ಮಾಡಿಸಿದ ಗಳಿಗೆ. ನನಗೆ ಮುಖ್ಯವಾದದ್ದು, ಅವನು ಎರಡನೆಯ ಸಾಲನ್ನು ನುಗ್ಗಿಸಿದ ಹೊತ್ತು. ಬೆನ್ನಟ್ಟಿ ಚದುರಿದ್ದ ಸವಾರರು ತಿರುಗಿ ಓಡಿದರು. ಓಡಲು ಇದ್ದ ದಿಕ್ಕು ಒಂದೇ, ಅಲ್ಲಿ ಕೃಷ್ಣೆ. ನೀರಿನಲ್ಲಿ ನಡೆದ ಕೊಲೆ ಕಂಡು ರಾಯನೇ ಕನಿಕರಪಟ್ಟು ತನ್ನವರನ್ನು ಹಿಂದಕ್ಕೆ ಕರೆದ ಎಂದು ನೂನಿಜ್ ಬರೆದಿದ್ದಾನೆ. ಶಾಹ ಆನೆಯೇರಿ ಪಾರಾದ. ತೋಪುಗಳು ರಾಯನ ಪಾಲಾದವು.

1565ರ ತಾಳಿಕೋಟೆ ಕಾಳಗಕ್ಕೆ ಮುನ್ನ ದಖ್ಖನಿನ ಸುಲ್ತಾನರ ಕೂಟ ಅದೇ ಹೊಳೆಗೆ ಬಂದಾಗ ಎಚ್ಚರವಾಗಿತ್ತು. ಎದುರು ದಂಡೆಯಲ್ಲಿ ವಿಜಯನಗರದ ರಾಮರಾಯನ ಕಡೆಯವರು ಹಾಯುವ ಜಾಗವನ್ನು ಭದ್ರವಾಗಿ ಕಾಯುತ್ತಿದ್ದರು. ಫೆರಿಷ್ತಾ ಹೇಳುವಂತೆ, ಬೇರೆ ಕಡೆ ಹಾಯುವವರ ಹಾಗೆ ಸುಲ್ತಾನರ ದಂಡು ದಂಡೆಗುಂಟ ಮೂರು ದಿನ ನಡೆಯಿತು. ಕಾವಲಿನವರೂ ಆಚೆ ದಂಡೆಯಲ್ಲಿ ಜೊತೆಜೊತೆಗೇ ಸಾಗಿದರು. ಆಮೇಲೆ ದಂಡು ರಾತ್ರೋರಾತ್ರಿ ಹಿಂದಿರುಗಿ, ಕಾವಲಿಲ್ಲದ ಮೊದಲಿನ ಜಾಗದಲ್ಲೇ ಹಾಯ್ದಿತು. ವಿಜಯನಗರ ಸೋತ ಆ ಕಾಳಗದಲ್ಲಿ ರಾಮರಾಯನನ್ನು ಬಿಟ್ಟು ಸುಲ್ತಾನರ ಕಡೆ ಸೇರಿದರೆನ್ನಲಾದ ಗಿಲಾನಿ ಸೋದರರ ದ್ರೋಹದ ಬಗ್ಗೆ ನಾವು ಆಡುವ ಮಾತಿನ ಕಾಲುಭಾಗವೂ ಈ ಮೂರು ದಿನಗಳಿಗೆ ಸಿಕ್ಕಿಲ್ಲ.