ಕೊಡುಗೆ ರಾಮಣ್ಣ ರೈಯವರದ್ದು, ಹೊಣೆ ಯಾರದ್ದು?

ನಮ್ಮ ಸರಕಾರಿ ಶಾಲೆಗಳ ಗೋಡೆಗಳಲ್ಲಿ ಪಾಠಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ದಾನಿಗಳ ಹೆಸರು. ಫ್ಯಾನಿನ ರೆಕ್ಕೆಯ ಮೇಲೆ, ಕಪಾಟಿನ ಬಾಗಿಲ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕೊನೆಗೆ ಊಟದ ತಟ್ಟೆಯ ಅಂಚಿನ ಮೇಲೂ 'ಕೊಡುಗೆ' ಎಂಬ ಒಂದು ಪದ ಇರುತ್ತದೆ. ರಿಷಬ್ ಶೆಟ್ಟಿಯವರು 2018ರಲ್ಲಿ ತೆರೆಗೆ ತಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಚಿತ್ರ ಈ ಪದವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿತು. ಚಿತ್ರಮಂದಿರಗಳು ತುಂಬಿದವು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಚಿತ್ರ ನೋಡಿ ಕಣ್ಣೊರೆಸಿಕೊಂಡು ಹೊರಬಂದ ನಾವು ಆ ಹೆಸರು ಎತ್ತುವ ಪ್ರಶ್ನೆಯನ್ನು ಕೇಳಲೇ ಇಲ್ಲ. ಕೊಡುಗೆ ರಾಮಣ್ಣ ರೈಯವರದ್ದಾದರೆ, ಶಾಲೆಯ ಹೊಣೆ ಯಾರದ್ದು?

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸೋಣ. ಗಡಿನಾಡಿನ ಒಂದು ಹಳೆಯ ಕನ್ನಡ ಶಾಲೆ, ಅದರ ಮಕ್ಕಳು, ಅವರ ತುಂಟತನ, ಗಣಿತದ ಭಯ ಎಲ್ಲವನ್ನೂ ಚಿತ್ರ ಪ್ರೀತಿಯಿಂದ ಕಟ್ಟಿಕೊಟ್ಟಿದೆ. ಮಕ್ಕಳ ಬಾಯಿಯಲ್ಲಿರುವುದು ಕರಾವಳಿಯ ಕನ್ನಡ, ಬೆಂಗಳೂರಿನ ಸಿನಿಮಾ ಕನ್ನಡವಲ್ಲ. ಆ ತರಗತಿಯಲ್ಲಿ ಮಮ್ಮೂಟಿ ಎಂಬ ಹುಡುಗನೂ ಇದ್ದಾನೆ. ಕನ್ನಡ ಚಿತ್ರಗಳಲ್ಲಿ ಮುಸ್ಲಿಂ ಪಾತ್ರ ಬಂದರೆ ಅವನು ತ್ಯಾಗಮಯಿಯಾಗಿರಬೇಕು, ಇಲ್ಲವೇ ಖಳನಾಗಿರಬೇಕು. ಇಲ್ಲಿ ಅವನು ಇತರರಂತೆ ಒಬ್ಬ ಹುಡುಗ, ಅಷ್ಟೇ. ಸರಕಾರಿ ಶಾಲೆಯ ಬೆಂಚು ಮಾಡುವ ದೊಡ್ಡ ಕೆಲಸವೂ ಇದೇ. ರೈಯವರ ಮಗ, ಬ್ಯಾರಿಯ ಮಗ, ಕೊರಗರ ಮಗಳು ಒಂದೇ ಸಾಲಿನಲ್ಲಿ ಕೂರುವ ಜಾಗ ನಮ್ಮ ಊರುಗಳಲ್ಲಿ ಇನ್ನೆಷ್ಟು ಉಳಿದಿವೆ?

ಆದರೆ ಶಾಲೆ ಯಾಕೆ ಸಾಯುತ್ತದೆ ಎಂಬ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಬಹಳ ಸುಲಭದ್ದು. ಒಬ್ಬ ಮಲಯಾಳಿ ಅಧಿಕಾರಿ, ಅವನ ಕನ್ನಡ ದ್ವೇಷ, ಅದರಿಂದ ಶಾಲೆಗೆ ಬೀಗ. ಮಕ್ಕಳು ಮೈಸೂರಿಗೆ ಹೋಗಿ ಅನಂತನಾಗ್ ಅಭಿನಯದ ಅನಂತಪದ್ಮನಾಭರನ್ನು ಕರೆತರುತ್ತಾರೆ. ನ್ಯಾಯಾಲಯದಲ್ಲಿ ಅವರ ದೀರ್ಘ ಭಾಷಣವಾಗುತ್ತದೆ, ಬೀಗ ತೆರೆಯುತ್ತದೆ. ಒಬ್ಬ ಕೆಟ್ಟವನಿಂದ ಮುಚ್ಚಿದ್ದನ್ನು ಒಬ್ಬ ಒಳ್ಳೆಯವನು ತೆರೆಸುತ್ತಾನೆ. ಈ ಕಥೆಯಲ್ಲಿ ಬಜೆಟ್ ಇಲ್ಲ, ನೇಮಕಾತಿ ಇಲ್ಲ, ನೀತಿಯೂ ಇಲ್ಲ. ಮಕ್ಕಳ ಚಿತ್ರದಲ್ಲಿ ಬಜೆಟನ್ನು ಯಾಕೆ ಹುಡುಕುತ್ತೀರಿ ಎಂದು ಯಾರಾದರೂ ಕೇಳಬಹುದು. ಚಿತ್ರ ಬರೇ ಮಕ್ಕಳ ಕಥೆಯಾಗಿ ಉಳಿದಿದ್ದರೆ ನಾವೂ ಹುಡುಕುತ್ತಿರಲಿಲ್ಲ. ಕನ್ನಡ ಶಾಲೆಗಳನ್ನು ಉಳಿಸಿ ಎಂದು ನಾಡಿಗೇ ಕರೆಕೊಟ್ಟ ಚಿತ್ರವದು. ಕರೆ ಕೊಟ್ಟವರು ದಾರಿಯನ್ನೂ ತೋರಿಸಬೇಕಾಗುತ್ತದೆ.

ಅದೇ ಕೇರಳದಲ್ಲಿ ನಿಜವಾಗಿ ನಡೆದ ಒಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೋಝಿಕ್ಕೋಡಿನ ಮಲಾಪರಂಬದಲ್ಲಿ ಒಂದು ಅನುದಾನಿತ ಶಾಲೆಯ ಕಟ್ಟಡವನ್ನು 2014ರಲ್ಲಿ ಕೆಡವಲಾಯಿತು. ಜಾಗಕ್ಕೆ ಬೆಲೆ ಬಂದಿತ್ತು, ಶಾಲೆಗೆ ಬೆಲೆ ಹೋಗಿತ್ತು. ಊರವರು ಕೈಜೋಡಿಸಿ ಅದನ್ನು ಮತ್ತೆ ಕಟ್ಟಿದರು. ಮೊಕದ್ದಮೆ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಯಾವ ಭಾಷಣವೂ ಶಾಲೆಯನ್ನು ಉಳಿಸಲಿಲ್ಲ. ಮುಚ್ಚಬೇಕೆಂದೇ ಆದೇಶವಾಯಿತು, 2016ರ ಜೂನಿನಲ್ಲಿ ಬೀಗವೂ ಬಿತ್ತು. ಆಗ ಆ ಶಾಲೆಯನ್ನು ಉಳಿಸಿದ್ದು ಸರಕಾರದ ಖಜಾನೆ. ಪರಿಹಾರ ಕೊಟ್ಟು ಶಾಲೆಯನ್ನು ತನ್ನದಾಗಿಸಿಕೊಳ್ಳಲು ರಾಜ್ಯ ಸರಕಾರ ತೀರ್ಮಾನಿಸಿತು. ಚಿತ್ರದಲ್ಲಿ ನ್ಯಾಯಾಲಯ ಮಾಡಿದ್ದನ್ನು ವಾಸ್ತವದಲ್ಲಿ ಮಾಡಿದ್ದು ಜನರ ಒತ್ತಾಯ ಮತ್ತು ಸರಕಾರದ ಹಣ.

ಚಿತ್ರ ಖಳನ ಸ್ಥಾನದಲ್ಲಿ ನಿಲ್ಲಿಸಿದ ಕೇರಳ, ಚಿತ್ರ ತಯಾರಾಗುತ್ತಿದ್ದ ಹೊತ್ತಿಗೇ ಸರಕಾರಿ ಶಾಲೆಗಳಿಗೆ ಹಿಂದೆಂದೂ ಸುರಿಯದಷ್ಟು ಹಣ ಸುರಿಯುತ್ತಿತ್ತು ಎಂಬುದು ಒಂದು ವಿಪರ್ಯಾಸ. ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞ ಎಂಬ ಹೆಸರಿನ ಯೋಜನೆ 2017ರ ಜನವರಿಯಲ್ಲಿ ಆರಂಭವಾಯಿತು. ಪ್ರತಿ ವಿಧಾನಸಭಾ ಕ್ಷೇತ್ರದ ಒಂದು ಶಾಲೆಗೆ 5 ಕೋಟಿ ರೂಪಾಯಿ ನಿಗದಿಯಾಯಿತು. ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ 45,000 ಕೊಠಡಿಗಳಿಗೆ ಗಣಕಯಂತ್ರ, ಪ್ರೊಜೆಕ್ಟರ್ ಬಂದವು. 2020ರ ಅಕ್ಟೋಬರ್ 12ರಂದು, ಎಲ್ಲ ಸಾರ್ವಜನಿಕ ಶಾಲೆಗಳನ್ನು ಹೈಟೆಕ್ ಮಾಡಿದ ಮೊದಲ ರಾಜ್ಯ ತಾನೆಂದು ಕೇರಳ ಘೋಷಿಸಿಕೊಂಡಿತು. ಘೋಷಣೆಯಲ್ಲಿ ಸ್ವಲ್ಪ ಢೋಲು ಇದ್ದೇ ಇರುತ್ತದೆ. ಆದರೂ ಸರಕಾರಿ ಶಾಲೆಯೆಂದರೆ ಗತಿಯಿಲ್ಲದವರ ಶಾಲೆ ಎಂಬ ಭಾವನೆಗೆ ಅಲ್ಲಿ ಪೆಟ್ಟು ಬಿದ್ದದ್ದು ನಿಜ.

ಹಾಗಾದರೆ ಕಾಸರಗೋಡಿನ ಕನ್ನಡ ಮಕ್ಕಳ ಗೋಳು ಸುಳ್ಳೇ? ಅಲ್ಲ. ಚಿತ್ರದಲ್ಲಿ ಕನ್ನಡ ಬಾರದ ಗಣಿತ ಮೇಷ್ಟ್ರು ಬಂದಾಗ ನಾವು ನಕ್ಕೆವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾಗಿ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂತದ್ದು ಕಾಸರಗೋಡಿನಲ್ಲಿ ಮತ್ತೆ ಮತ್ತೆ ನಡೆದಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. 1956ರ ನವೆಂಬರ್ 1ರಂದು ಗಡಿ ಗೆರೆ ಎಳೆದವರು ಆ ಗೆರೆಯಾಚೆ ಉಳಿದ ಮಕ್ಕಳಿಗೆ ಕೊಟ್ಟ ಮಾತು ಅದು. ಪ್ರೊಜೆಕ್ಟರಿಗೆ ಕನ್ನಡ ಬಾರದಿದ್ದರೂ ನಡೆಯುತ್ತದೆ, ಮೇಷ್ಟ್ರಿಗೆ ಬಾರದಿದ್ದರೆ ನಡೆಯುವುದಿಲ್ಲ. ಗೋಡೆ, ನೆಲ, ಪರದೆ ಎಲ್ಲವೂ ಬಂದ ಮೇಲೂ ಮಗುವಿನ ಮಾತು ಬಲ್ಲ ಒಬ್ಬ ಶಿಕ್ಷಕ ಬಾರದಿದ್ದರೆ ಹೂಡಿದ ಕೋಟಿಗಳೆಲ್ಲ ಹೊಸ್ತಿಲಲ್ಲೇ ನಿಂತುಬಿಡುತ್ತವೆ. ಚಿತ್ರ ಈ ಸತ್ಯವನ್ನು ಮುಟ್ಟಿತ್ತು. ಆದರೆ ಅದನ್ನು ಹಾಸ್ಯದ ದೃಶ್ಯಗಳಿಗೆ ಬಳಸಿಕೊಂಡು ಮುಂದೆ ಹೋಯಿತು.

ಇನ್ನು ಗಡಿಯ ಈಚೆಗೆ ಬರೋಣ. ಇಲ್ಲಿ ಕನ್ನಡ ಶಾಲೆಗಳನ್ನು ಬರಿದು ಮಾಡಲು ಯಾವ ಮಲಯಾಳಿ ಅಧಿಕಾರಿಯೂ ಬರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಐದು ತರಗತಿ, ಇಬ್ಬರು ಶಿಕ್ಷಕರು. ಅವರಲ್ಲೊಬ್ಬರು ಬಿಸಿಯೂಟದ ಲೆಕ್ಕ ಬರೆಯುತ್ತಾ, ಇನ್ನೊಬ್ಬರು ಮತದಾರರ ಪಟ್ಟಿಯೋ ಗಣತಿಯೋ ಎಂದು ಹೊರಗೆ ಹೋದರೆ ಪಾಠ ಮಾಡುವವರು ಯಾರು? ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶಿಕ್ಷಕರೇ ಮುಂದೆ ನಿಂತು ರೂಪಿಸಿದ 'ನಲಿ ಕಲಿ' ಈ ನಾಡಿನ ಹೆಮ್ಮೆಯ ಪ್ರಯೋಗ. ಶಿಕ್ಷಕರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಆ ಪದ್ಧತಿಯನ್ನು ರಾಜ್ಯದ ತುಂಬ ಹರಡುವಾಗ, ಅದು ಶಿಕ್ಷಕರ ಕೊರತೆಯನ್ನು ಮುಚ್ಚುವ ಹೊದಿಕೆಯಾಯಿತು ಎಂಬ ದೂರು ಶಿಕ್ಷಕರಿಂದಲೇ ಬಂತು.

ಕಾಯಂ ಶಿಕ್ಷಕರ ಜಾಗದಲ್ಲಿ ಇಂದು ನಾಡಿನ ಶಾಲೆಗಳನ್ನು ಹೊತ್ತಿರುವವರು ಅತಿಥಿ ಶಿಕ್ಷಕರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ. ಪ್ರಾಥಮಿಕ ಶಾಲೆಯಲ್ಲಿ ಅವರ ಗೌರವಧನ ತಿಂಗಳಿಗೆ 10,000 ರೂಪಾಯಿ ಇತ್ತು. 2025ರ ಬಜೆಟ್ಟಿನಲ್ಲಿ ಅದಕ್ಕೆ 2,000 ಸೇರಿಸಲಾಯಿತು. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ನಮ್ಮಲ್ಲಿ ಅತಿಥಿಗೆ ಒಂದು ಮರ್ಯಾದೆ ಇದೆ. ಮೊದಲು ನೀರು ಕೊಡುತ್ತೇವೆ, ಒಳ್ಳೆಯದನ್ನೇ ಬಡಿಸುತ್ತೇವೆ. ಅರ್ಧ ಸಂಬಳಕ್ಕಿಂತಲೂ ಕಡಿಮೆ ಕೊಟ್ಟು ಪೂರ್ತಿ ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆಗೆ 'ಅತಿಥಿ' ಎಂಬ ಹೆಸರಿಟ್ಟವರಿಗೆ ಕನ್ನಡವೂ ತಿಳಿಯದು, ಆತಿಥ್ಯವೂ ತಿಳಿಯದು.

ಸರಕಾರ ಹಿಂದೆ ಸರಿದ ಜಾಗದಲ್ಲಿ 'ಕೊಡುಗೆ' ಬಂದು ಕೂರುತ್ತದೆ. ಚಿತ್ರೀಕರಣ ನಡೆದ ಕೈರಂಗಳದ ಶಾಲೆಯನ್ನು ರಿಷಬ್ ಶೆಟ್ಟಿಯವರು ದತ್ತು ಪಡೆದರು. ಅವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. 2020ರಲ್ಲಿ ಕರ್ನಾಟಕ ಸರಕಾರ ಶಾಸಕರಿಗೂ ತಲಾ ಮೂರು ಶಾಲೆಗಳನ್ನು ದತ್ತು ಪಡೆಯಲು ಹೇಳಿತು. ದತ್ತು ಕೊಡುವುದು ಹೆತ್ತವರು ಸಾಕಲಾರದ ಮಗುವನ್ನು. ಸರಕಾರಿ ಶಾಲೆಗೆ ಹೆತ್ತವರಿದ್ದಾರೆ. ಅವರೇ ಎದ್ದುನಿಂತು ಯಾರಾದರೂ ದತ್ತು ಪಡೆಯಿರಿ ಎನ್ನುವುದು ಎಂಥ ಮಾತು! 2024ರಿಂದ ಅಝೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಆ ಪೈಕಿ ಸರಕಾರದ್ದು ಎರಡು ದಿನದ ಮೊಟ್ಟೆ, ಉಳಿದದ್ದು ಫೌಂಡೇಶನ್ನಿನದ್ದು. ಮಕ್ಕಳ ಹೊಟ್ಟೆಗೆ ಬಿದ್ದದ್ದು ಒಳ್ಳೆಯದೇ. ಆದರೆ ಮೂರು ವರ್ಷದ ಒಪ್ಪಂದ ಮುಗಿದ ಮೇಲೆ ಏನು ಎಂದು ಕೇಳುವ ಹಕ್ಕು ಮಗುವಿಗಿಲ್ಲ. ಕೊಡುಗೆಗೂ ಹಕ್ಕಿಗೂ ಇರುವ ವ್ಯತ್ಯಾಸ ಇಷ್ಟೇ.

ಇಲ್ಲಿ ನಮ್ಮವರೇ ಆದ ಹರೇಕಳ ಹಾಜಬ್ಬರ ಮಾತು ಬಾರದೆ ಇರದು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಅಕ್ಷರ ಕಲಿಯದ ಈ ಬ್ಯಾರಿ ಮನುಷ್ಯ ನ್ಯೂಪಡ್ಪಿಗೆ ಶಾಲೆ ತಂದ ಕಥೆ ಎಲ್ಲರಿಗೂ ಗೊತ್ತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಸ್ವೀಕರಿಸಿದರು. ಆದರೆ ಈ ಕಥೆಯನ್ನು ನಾವು ಹೇಳುವ ಕ್ರಮವೇ ತಪ್ಪಿದೆ. ಬಡವನೊಬ್ಬ ತನ್ನ ದುಡಿಮೆಯ ಹಣದಿಂದ ಶಾಲೆ ಕಟ್ಟಿಸಿದ ಎಂದು ಹೇಳಿ ಚಪ್ಪಾಳೆ ತಟ್ಟುತ್ತೇವೆ. ಹಾಜಬ್ಬರು ಕಟ್ಟಿಸಿದ್ದು ಖಾಸಗಿ ಶಾಲೆಯನ್ನಲ್ಲ, ಸರಕಾರಿ ಶಾಲೆಯನ್ನು. ಹಣ ಕೂಡಿಸಿದ್ದು ಅವರ ಕೆಲಸದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದದ್ದು. ಮಂಜೂರಾತಿ ಕೊಡಿ, ಜಾಗ ಕೊಡಿ, ಶಿಕ್ಷಕರನ್ನು ಕೊಡಿ, ಹೈಸ್ಕೂಲು ಕೊಡಿ ಎಂದು ಸರಕಾರವನ್ನು ಬಿಡದೆ ಕಾಡಿದರು. ಪದ್ಮಶ್ರೀ ಬಂದ ಮೇಲೂ ಅವರು ಕೇಳಿದ್ದು ಊರಿಗೊಂದು ಪದವಿಪೂರ್ವ ಕಾಲೇಜನ್ನು. ನಮ್ಮ ಕಣ್ಣಿಗೆ ಅವರು ದಾನಿ. ನಿಜದಲ್ಲಿ ಅವರು ಸರಕಾರಕ್ಕೆ ಅದರ ಕರ್ತವ್ಯ ನೆನಪಿಸಿದ ಒಬ್ಬ ನಾಗರಿಕ. ಅವರ ಕಿತ್ತಳೆ ಬುಟ್ಟಿ ನಮಗೆ ನೆನಪಿದೆ, ಅವರ ಅರ್ಜಿಗಳು ಮರೆತುಹೋಗಿವೆ. ಬುಟ್ಟಿ ಹೊರುವುದು ನಮ್ಮಿಂದಾಗದು. ಅರ್ಜಿ ಬರೆಯಲು ಎಲ್ಲರಿಗೂ ಬರುತ್ತದೆ, ಅದಕ್ಕೇ ಮರೆತಿದ್ದೇವೋ ಏನೋ.

ಸಮುದಾಯದ ಒಳಗೂ ಒಂದು ಮಾತು ಆಡಬೇಕಾಗಿದೆ. ಮುಸ್ಲಿಮರ ಮಕ್ಕಳೆಲ್ಲ ಮದ್ರಸದಲ್ಲೇ ಓದುತ್ತಾರೆ ಎಂಬ ನಂಬಿಕೆಯನ್ನು 2006ರ ಸಾಚಾರ್ ಸಮಿತಿಯ ವರದಿ ಒಡೆದುಹಾಕಿತ್ತು. ಶಾಲಾ ವಯಸ್ಸಿನ ಮಕ್ಕಳಲ್ಲಿ ಮದ್ರಸದಲ್ಲಿ ಓದುವವರು ಶೇಕಡಾ 4ರಷ್ಟು ಎಂದು ಅದು ಹೇಳಿತು. ಶಾಲೆಗೆ ಹೋಗುವ ನಮ್ಮ ಬಡ ಮಕ್ಕಳ ದೊಡ್ಡ ಆಸರೆ ಸರಕಾರಿ ಶಾಲೆ, ಉತ್ತರ ಕರ್ನಾಟಕದ ಕಡೆ ಸರಕಾರಿ ಉರ್ದು ಶಾಲೆ. ಆದರೆ ಕರಾವಳಿಯ ಜಮಾಅತ್‌ಗಳು ಕಳೆದ ಮೂರು ದಶಕಗಳಲ್ಲಿ ಹಣ ಕೂಡಿಸಿದ್ದು ಹೆಚ್ಚಾಗಿ ಆಂಗ್ಲ ಮಾಧ್ಯಮ ಶಾಲೆಗಳಿಗೆ. ಅವುಗಳಿಂದ ನಮ್ಮ ಹೆಣ್ಣುಮಕ್ಕಳು ಓದಿದರು ಎಂಬುದನ್ನು ಮರೆಯಲಾಗದು. ಅದರೊಂದಿಗೆ ನಡೆದ ಇನ್ನೊಂದನ್ನೂ ಮರೆಯಬಾರದು. ಶುಲ್ಕ ಕಟ್ಟಬಲ್ಲವರ ಮಕ್ಕಳು ಹಳದಿ ವ್ಯಾನು ಹತ್ತಿದರು. ಅವರ ಜೊತೆಗೆ ಊರಿನಲ್ಲಿ ದನಿಯಿದ್ದವರೂ ಸರಕಾರಿ ಶಾಲೆ ಬಿಟ್ಟು ಹೋದರು. 2001ರಲ್ಲಿ ರಾಜ್ಯ ಸರಕಾರ ಪ್ರತಿ ಶಾಲೆಗೂ ಎಸ್‌ಡಿಎಂಸಿ ರಚಿಸಿ ಹೆತ್ತವರ ಕೈಗೆ ಒಂದಿಷ್ಟು ಅಧಿಕಾರ ಕೊಟ್ಟಿತು. ಆ ಕುರ್ಚಿಯಲ್ಲಿ ಇಂದು ಕೂತಿರುವವರು ಹೆಚ್ಚಾಗಿ ಬೀಡಿ ಕಟ್ಟುವ ತಾಯಿ, ಕೂಲಿಗೆ ಹೋಗುವ ತಂದೆ. ಅಧಿಕಾರಿಯ ಎದುರು ಅವರ ಪರ ಮಾತಾಡಬೇಕಾದವರು ಬೇರೆ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿದ್ದಾರೆ.

ಒಂದು ಚಿತ್ರದಿಂದ ಇಷ್ಟೆಲ್ಲ ನಿರೀಕ್ಷಿಸುವುದು ಅತಿಯಾಯಿತೆಂದು ಅನಿಸಬಹುದು. ಆದರೆ ಜನ ನಂಬುವುದು ಕಥೆಗಳನ್ನೇ. ಶಾಲೆಯನ್ನು ಉಳಿಸುವುದು ಒಬ್ಬ ಮಹಾತ್ಮ, ಒಬ್ಬ ನಟ, ಒಬ್ಬ ಕಿತ್ತಳೆ ವ್ಯಾಪಾರಿ ಎಂಬ ಕಥೆಯನ್ನೇ ಹೇಳುತ್ತಾ ಹೋದರೆ, ಬಜೆಟ್ ಮಂಡಿಸುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು, ನಮ್ಮ ಮಕ್ಕಳು ಅಲ್ಲಿ ಓದಲಿ ಬಿಡಲಿ, ನಮ್ಮ ಊರಿನ ಸರಕಾರಿ ಶಾಲೆಗೆ ಒಮ್ಮೆ ಹೋಗಿ ಬರೋಣ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿಗಳು ಎಷ್ಟು ಮಂದಿ, ಅವರಿಗೆ ಸಂಬಳ ಬಂದು ಎಷ್ಟು ತಿಂಗಳಾಯಿತು ಎಂದು ಕೇಳಿ ಬರೆದುಕೊಳ್ಳೋಣ. ಶುಕ್ರವಾರದ ಜುಮಾ ಮುಗಿದ ಮೇಲೆ, ದೇವಸ್ಥಾನದ ಜಾತ್ರಾ ಸಮಿತಿಯ ಸಭೆಯಲ್ಲಿ, ಚರ್ಚಿನ ಅಂಗಳದಲ್ಲಿ ಆ ಚೀಟಿಯನ್ನು ಓದಿ ಹೇಳೋಣ. ಅಲ್ಲೇ ಒಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಮುಟ್ಟಿಸೋಣ. ಫ್ಯಾನು ಕೊಡಿಸುವುದು ಆಮೇಲೆಯೂ ಆದೀತು.