ಕ್ರೀಡಾಸಂಸ್ಥೆಗಳ ಪರಿಸರವಾಣಿ

ಕ್ರೀಡೆಗೆ ನೆಲ ಬೇಕು, ನೀರು ಬೇಕು, ನೋಡುವ ಜನರು ದೂರದಿಂದ ಬರಬೇಕು. ಇಷ್ಟು ಸರಳವಾದ ಸಂಗತಿಯನ್ನು ಕ್ರೀಡಾಸಂಸ್ಥೆಗಳು ತಮ್ಮ ಬರಹಗಳಲ್ಲಿ ಒಪ್ಪಿಕೊಂಡದ್ದು ಬಹಳ ಹಿಂದಿನ ಮಾತಲ್ಲ. 1994ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ಒಲಿಂಪಿಕ್ ಸಮ್ಮೇಳನವು ಪರಿಸರವನ್ನು ಕ್ರೀಡೆ ಮತ್ತು ಸಂಸ್ಕೃತಿಗಳೊಡನೆ ಮೂರನೆಯ ಸ್ತಂಭವೆಂದು ಎಣಿಸಿತು. 1996ರಲ್ಲಿ ಆ ಭಾವವು ಒಲಿಂಪಿಕ್ ಶಾಸನದೊಳಗೆ ಸೇರಿತು. ಅಲ್ಲಿಂದೀಚೆಗೆ ಇಂತಹ ಘೋಷಣೆಗಳು ಒಂದು ಗದ್ಯಪ್ರಕಾರವೆನ್ನುವಷ್ಟು ಬೆಳೆದಿವೆ. ಗದ್ಯವಾದ ಮೇಲೆ ಅದರಲ್ಲಿ ಶಬ್ದವು ಅರ್ಥವನ್ನು ಹೊತ್ತಿದೆಯೆ ಎಂದು ವಿಚಾರಿಸುವುದು ವಿಮರ್ಶೆಯ ಕೆಲಸ.

ಒಲಿಂಪಿಕ್ ಶಾಸನದ ಮುಖ್ಯವಾದ ಮಾತು 'ಹೊಣೆಯರಿತ ಕಾಳಜಿ' ಎಂಬುದು. ಕಾಳಜಿಯು ಮನಸ್ಸಿನ ಧರ್ಮ, ಅದಕ್ಕೆ ಅಳತೆಯಿಲ್ಲ. 2018ರ ಡಿಸೆಂಬರಿನಲ್ಲಿ ಪೋಲೆಂಡಿನ ಕಾಟೊವಿಟ್ಸೆಯಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹೊರಟ ಕ್ರೀಡಾಸಂಸ್ಥೆಗಳ ಹವಾಮಾನ ಸಂಕಲ್ಪಪತ್ರವು ಐದು ತತ್ತ್ವಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಕ್ರಮಬದ್ಧವಾದ ಪ್ರಯತ್ನವನ್ನೂ ಎರಡನೆಯದು ದುಷ್ಪರಿಣಾಮವನ್ನು ತಗ್ಗಿಸುವುದನ್ನೂ ಕುರಿತವು. ಉಳಿದ ಮೂರು ಶಿಕ್ಷಣ, ಮಿತವಾದ ಬಳಕೆಯ ಪ್ರೋತ್ಸಾಹ, ಪ್ರಚಾರ ಇವನ್ನು ಕುರಿತವು. ಎಂದರೆ ಐದರಲ್ಲಿ ಮೂರು ಪಾಲು ಇತರರಿಗೆ ಹೇಳತಕ್ಕ ಮಾತು. 2030ರೊಳಗೆ ಹೊಗೆಯನ್ನು ಅರ್ಧಕ್ಕಿಳಿಸಿ 2040ಕ್ಕೆ ಶೂನ್ಯದ ಮಟ್ಟವನ್ನು ಮುಟ್ಟಬೇಕೆಂಬ ಗುರಿಯನ್ನು 2021ರಲ್ಲಿ ಸೇರಿಸಿದ ಮೇಲೆ ಬರಹಕ್ಕೆ ಅಂಕೆಯ ಗಟ್ಟಿತನ ಬಂದಿತೆಂಬುದನ್ನು ಮರೆಯಲಾಗದು.

ಆದರೆ ಅಂಕೆಯೂ ಅಲಂಕಾರವಾಗಬಲ್ಲುದು. 2022ರ ಕತಾರ್ ವಿಶ್ವಕಪ್ಪಿನ ಹೊಗೆಯ ಲೆಕ್ಕವನ್ನು ಫೀಫಾ ಸಂಸ್ಥೆಯವರು ಮೊದಲೇ ಪ್ರಕಟಿಸಿದ್ದರು: ಸುಮಾರು 36.3 ಲಕ್ಷ ಟನ್ನು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣದಿಂದ. ಆ ಲೆಕ್ಕದ ಜೊತೆಯಲ್ಲಿಯೇ ಪಂದ್ಯಾವಳಿಯು ಇಂಗಾಲದ ದೃಷ್ಟಿಯಿಂದ ತಟಸ್ಥವಾದುದೆಂದು ಸಾರಲಾಯಿತು. ಐದು ದೇಶಗಳಿಂದ ದೂರುಗಳು ಬಂದವು. 2023ರ ಜೂನಿನಲ್ಲಿ ಸ್ವಿಟ್ಜರ್ಲೆಂಡಿನ ಜಾಹೀರಾತು ನ್ಯಾಯಮಂಡಲಿಯು ಆ ಮಾತಿಗೆ ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಕಾವ್ಯದಲ್ಲಿ ಅತಿಶಯೋಕ್ತಿ ಗುಣ, ಲೆಕ್ಕಪತ್ರದಲ್ಲಿ ದೋಷ. ಪರಿಸರವಾಣಿಯು ಈ ಎರಡರ ನಡುವೆ ತನ್ನ ಸ್ಥಾನವನ್ನು ಇನ್ನೂ ಗೊತ್ತುಮಾಡಿಕೊಂಡಿಲ್ಲ.

ಈ ಪ್ರಕಾರದ ಇನ್ನೊಂದು ಪದವೂ ವಿಚಾರಾರ್ಹವಾಗಿದೆ. ಸಂಸ್ಥೆಗಳು ತಮ್ಮ 'ಪಾಲುದಾರರ' ಅಭಿಪ್ರಾಯವನ್ನು ಕೇಳಿದೆವೆಂದು ಬರೆಯುತ್ತವೆ. ಇಂಗ್ಲಿಷಿನ 'ಸ್ಟೇಕ್‌ಹೋಲ್ಡರ್' ಎಂಬುದಕ್ಕೆ ಬಂದ ಕನ್ನಡ ಇದು. ಎಡ್ವರ್ಡ್ ಫ್ರೀಮನ್ 1984ರ ತಮ್ಮ ಗ್ರಂಥದಲ್ಲಿ ಆ ಪದಕ್ಕೆ ಎರಡು ಮುಖಗಳನ್ನು ಕೊಟ್ಟರು: ಸಂಸ್ಥೆಯ ಕಾರ್ಯದ ಮೇಲೆ ಪ್ರಭಾವ ಬೀರಬಲ್ಲವರು, ಆ ಕಾರ್ಯದ ಪ್ರಭಾವಕ್ಕೆ ಒಳಗಾಗುವವರು. 'ಪಾಲುದಾರ' ಎಂದೊಡನೆ ಕನ್ನಡಿಗನ ಮನಸ್ಸಿಗೆ ತೋರುವವನು ಲಾಭದಲ್ಲಿ ಪಾಲುಳ್ಳವನು. ನಷ್ಟವನ್ನು ಮಾತ್ರ ಹೊರುವವನು ಆ ಪದದಿಂದ ಹೊರಗುಳಿಯುತ್ತಾನೆ. ಹೀಗೆ ಅನುವಾದದಲ್ಲಿ ನಡೆದದ್ದೇ ಆಚರಣೆಯಲ್ಲಿಯೂ ನಡೆದಿದೆ. ಪ್ರಾಯೋಜಕ, ಪ್ರೇಕ್ಷಕ, ಆಟಗಾರ ಇವರ ಮಾತು ಸುಲಭವಾಗಿ ಕೇಳಿಸುತ್ತದೆ. ಮೈದಾನದ ಬೇಲಿಯಾಚೆಯವರ ಮಾತು ಹಾಗೆ ಕೇಳಿಸುವುದಿಲ್ಲ.

ಒಂದು ಕ್ರೀಡೆಯನ್ನು ಕುರಿತು ಹಲವರ ದೃಷ್ಟಿ ಹೇಗೆ ಬೇರೆಯಾಗುತ್ತದೆಂಬುದಕ್ಕೆ ಬಸವಪ್ಪಶಾಸ್ತ್ರಿಗಳ ಕನ್ನಡದಿಂದ ನಮ್ಮ ನಾಡಿಗೆ ಆಪ್ತವಾದ ಶಾಕುಂತಲ ನಾಟಕವೇ ನಿದರ್ಶನ. ದುಷ್ಯಂತನ ಬೇಟೆಯನ್ನು ಎರಡನೆಯ ಅಂಕದಲ್ಲಿ ಸೇನಾಪತಿಯು ಹೊಗಳುತ್ತಾನೆ; ಆದರೆ ಅದಕ್ಕೆ ಮುಂಚೆ, ತಾನು ಒಡೆಯನ ಚಿತ್ತವನ್ನು ಅನುಸರಿಸುವವನೆಂದು ವಿದೂಷಕನಿಗೆ ಗುಟ್ಟಾಗಿ ಹೇಳಿರುತ್ತಾನೆ. ವಿದೂಷಕನು ಬೇಟೆಯನ್ನು ಹಳಿಯುತ್ತಾನೆ. ಆದರೆ ಅವನ ಕಾರಣ ತನ್ನ ಮೈನೋವು. ಮೊದಲನೆಯ ಅಂಕದಲ್ಲಿ ಬಾಣಕ್ಕೂ ಜಿಂಕೆಗೂ ನಡುವೆ ಬಂದು ನಿಲ್ಲುವ ವೈಖಾನಸನಿಗೆ ಬೇಟೆಯಿಂದ ಲಾಭವೂ ಇಲ್ಲ, ಅರಸನಿಂದ ಸಂಬಳವೂ ಇಲ್ಲ. ಅವನು ಮಾತಾಡಲಾರದ ಪ್ರಾಣಿಯ ಪರವಾಗಿ ಮಾತಾಡುತ್ತಾನೆ. ಅರಸನು ಬಾಣವನ್ನು ಹಿಂತೆಗೆದುಕೊಳ್ಳುವುದು ಅವನ ಮಾತಿಗೆ. ಕ್ರೀಡೆಯ ಎಲ್ಲೆಯನ್ನು ಕ್ರೀಡೆಗೆ ಹೊರಗಿನವನು ತೋರಿಸಿದನು. ಅದನ್ನು ಕೇಳಿದ್ದರಲ್ಲಿ ಅರಸನ ಹಿರಿಮೆಯಿದೆ.

ಈ ಪ್ರಸಂಗದ ಮರುರೂಪವೊಂದು 2016ರಲ್ಲಿ ಮಹಾರಾಷ್ಟ್ರದಲ್ಲಿ ಕಂಡಿತು. ಬರದಿಂದ ಒಣಗಿದ ಲಾತೂರಿಗೆ ಮಿರಜದಿಂದ 5 ಲಕ್ಷ ಲೀಟರು ನೀರನ್ನು ಹೊತ್ತ ರೈಲು ಏಪ್ರಿಲ್ 12ರಂದು ತಲುಪಿತು. ಮಾರನೆಯ ದಿನವೇ ಮುಂಬಯಿ ಉಚ್ಚ ನ್ಯಾಯಾಲಯವು ಏಪ್ರಿಲ್ 30ರ ನಂತರದ ಐ.ಪಿ.ಎಲ್. ಪಂದ್ಯಗಳನ್ನು ರಾಜ್ಯದಿಂದ ಹೊರಗೆ ನಡೆಸಬೇಕೆಂದು ಆಜ್ಞಾಪಿಸಿತು. ಶುದ್ಧೀಕರಿಸಿದ ಕೊಳಚೆನೀರನ್ನು ಬಳಸುವೆವೆಂದು ಕ್ರಿಕೆಟ್ ಮಂಡಲಿಯವರು ಹೇಳಿದರೂ ನ್ಯಾಯಾಲಯವು ಒಪ್ಪಲಿಲ್ಲ. ಇಲ್ಲಿ ಪೂರ್ವಪಕ್ಷವೊಂದುಂಟು: ಪಿಚ್ಚಿಗೆ ಬೇಕಾಗುವ ನೀರು ಕಬ್ಬಿನ ಗದ್ದೆಗಳು ಕುಡಿಯುವ ನೀರಿನ ಮುಂದೆ ಅತ್ಯಲ್ಪ; ಆಟವನ್ನು ಸಾಗಹಾಕಿದ್ದರಿಂದ ಲಾತೂರಿನ ಕೊಡ ತುಂಬಲಿಲ್ಲ. ಇದು ತಳ್ಳಿಹಾಕತಕ್ಕ ವಾದವಲ್ಲ. ಆದರೆ ಆ ತೀರ್ಪಿನ ಬೆಲೆಯು ಉಳಿದ ನೀರಿನ ಅಳತೆಯಲ್ಲಿರದೆ, ಪಾಲುದಾರರ ಪಟ್ಟಿಯಲ್ಲಿರದವನ ಬಾಯಾರಿಕೆಯನ್ನು ಆಟದ ಲೆಕ್ಕದೊಳಕ್ಕೆ ತಂದದ್ದರಲ್ಲಿದೆ.

ಅಂದು ಮುಂಬಯಿ ಬಿಟ್ಟ ಅಂತಿಮ ಪಂದ್ಯವು ಮೇ 29ರಂದು ನಡೆದದ್ದು ಬೆಂಗಳೂರಿನಲ್ಲಿ. ಎಂಟು ವರ್ಷ ಕಳೆಯುವುದರೊಳಗೆ, 2024ರ ಬೇಸಗೆಯಲ್ಲಿ, ಆ ನಗರದ ಕೊಳವೆಬಾವಿಗಳೇ ಬತ್ತಿದವು. ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲು ಶುದ್ಧೀಕರಿಸಿದ ನೀರನ್ನು ಆಶ್ರಯಿಸಬೇಕಾಯಿತು. ಅದೇ ಕ್ರೀಡಾಂಗಣವು 2015ರಷ್ಟು ಹಿಂದೆಯೇ ಸೌರಫಲಕಗಳನ್ನು ಹೊದಿಸಿಕೊಂಡಿತ್ತೆಂಬುದನ್ನು ನೆನೆದರೆ, ಒಳ್ಳೆಯ ಕಾರ್ಯವು ಘೋಷಣೆಗಿಂತ ಮುಂದೆ ನಡೆಯಬಲ್ಲುದೆಂಬುದೂ, ಒಂದು ಆವರಣದೊಳಗಿನ ಸತ್ಕಾರ್ಯವು ಊರಿನ ನೀರಿನ ಪ್ರಶ್ನೆಯನ್ನು ಬಿಡಿಸಲಾರದೆಂಬುದೂ ಒಟ್ಟಿಗೆ ತಿಳಿಯುತ್ತದೆ.

ಆದಕಾರಣ ಇಂತಹ ಬರಹಗಳನ್ನು ಓದುವಾಗ ಎರಡು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಕ್ರಿಯಾಪದಕ್ಕೆ ಕರ್ತೃವೂ ಕಾಲವೂ ಇವೆಯೆ? ಅಭಿಪ್ರಾಯ ಹೇಳಿದವರಲ್ಲಿ ಸೇನಾಪತಿಗಳೆಷ್ಟು, ವೈಖಾನಸರೆಷ್ಟು? ಪದದ ಮಟ್ಟಿಗೆ 'ಪಾಲುದಾರ'ನಿಗಿಂತ 'ಹಕ್ಕುಬಾಧ್ಯತೆಯುಳ್ಳವನು' ಎಂಬುದು ಉದ್ದವಾದರೂ ಲೇಸು. ಪಡೆಯುವವನೂ ತೆರುವವನೂ ಅದರಲ್ಲಿ ಅಡಗಿದ್ದಾರೆ. ಇದಕ್ಕಿಂತ ಚೊಕ್ಕವಾದ ಕನ್ನಡ ಮಾತನ್ನು ವಿದ್ವಾಂಸರು ಒದಗಿಸುವುದಾದರೆ, ನಮ್ಮ ಸಂಸ್ಥೆಗಳು ಮುಂದೆ ಬರೆಯುವ ಸಂಕಲ್ಪಪತ್ರಗಳಲ್ಲಿ ತೆರುವವನ ಹೆಸರೂ ಕಾಣಿಸಿಕೊಳ್ಳುವುದಕ್ಕೆ ಎಡೆಯಾದೀತು.