ದುರ್ಯೋಧನನ ಪಾತ್ರಕ್ಕೆ ಎಷ್ಟು?

ಸುಗ್ಗಿ ಮುಗಿದ ಮೇಲೆ ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವುದನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಪಾತ್ರ ಮಾಡುವವನೇ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣರಿಗೆ ಹೆಚ್ಚು. ವಿದುರ, ಸಾತ್ಯಕಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಹೊರಗಿನಿಂದ ಬರುವ ಸ್ತ್ರೀಪಾತ್ರದವರ ಸಂಭಾವನೆ ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ಹೊಗೆಸೊಪ್ಪು ಮಾರಿದ ಹಣವನ್ನು ಒಂದು ರಾತ್ರಿಯ ಕಿರೀಟಕ್ಕೆ ಸುರಿಯುವ ಆ ಹುಚ್ಚು ಪ್ರೀತಿ ನನಗೆ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅದರ ಕೊರತೆಯೂ ಅಲ್ಲೇ ಇದೆ. ಕಂಠವಿದ್ದವನು ಸಾತ್ಯಕಿಯಾಗಿ ಪಕ್ಕದಲ್ಲಿ ನಿಲ್ಲುತ್ತಾನೆ, ಕಾಸಿದ್ದವನು ಗದೆ ಹಿಡಿಯುತ್ತಾನೆ.

ಹೊಸ ನಿರ್ದೇಶಕರು ಸಿನಿಮಾಗೆ ದುಡ್ಡು ಹುಡುಕುವ ಬಗೆಯನ್ನು ನೋಡಿದಾಗಲೆಲ್ಲ ನನಗೆ ಈ ನಾಟಕವೇ ನೆನಪಾಗುತ್ತದೆ. ಸೈಟು ಮಾರಿದವರ ಮಗ ನಾಯಕ, ಬಂಡವಾಳ ಹಾಕಿದವರ ಬಂಧು ಖಳನಾಯಕ. ಚಿತ್ರಕಥೆಯ ಮೊದಲ ಪುಟ ತಿರುಗುವ ಮುನ್ನವೇ ಪಾತ್ರ ಹಂಚಿಕೆ ಮುಗಿದಿರುತ್ತದೆ.

ಕಥೆಗೆ ಈ ಜಿಲ್ಲೆಯಲ್ಲಿ ಎಂದೂ ಬರ ಬಂದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ 1972ರಲ್ಲಿ ತೆರೆಗೆ ಬಂತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಆಯಿತು. ಬಂಡವಾಳ ಹೂಡುವವರೂ ಇಲ್ಲಿಂದ ಹೋಗಿದ್ದಾರೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿ ಅವರು ‘ಸೂರ್ಯವಂಶ’ (1999), ‘ಚಂದ್ರಚಕೋರಿ’ (2003) ಚಿತ್ರಗಳನ್ನು ನಿರ್ಮಿಸಿದರು. ಇಲ್ಲದಿರುವುದು ಒಂದೇ: ಕೈಯಲ್ಲಿ ಚಿತ್ರಕಥೆಯಷ್ಟೇ ಇರುವ ಹೆಸರಿಲ್ಲದ ಹುಡುಗ ಅಥವಾ ಹುಡುಗಿ ಹೋಗಿ ತಟ್ಟಬಹುದಾದ ಬಾಗಿಲು.

ಸರ್ಕಾರದ ಸಬ್ಸಿಡಿ ಇದೆಯಲ್ಲ ಎನ್ನುತ್ತಾರೆ. ಸಾಮಾನ್ಯ ಚಿತ್ರಕ್ಕೆ 10 ಲಕ್ಷ ರೂಪಾಯಿ ಎಂಬ ಲೆಕ್ಕ ಬಹುಕಾಲದಿಂದ ಎಲ್ಲರ ಬಾಯಲ್ಲಿದೆ. ಅದು ಕನ್ನಡ ಚಿತ್ರರಂಗವನ್ನು ಬದುಕಿಸಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬರುವುದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆರಿಸಿದ ಮೇಲೆ. ಆಯ್ಕೆಪಟ್ಟಿಗೆ ವರ್ಷಗಟ್ಟಲೆ ಕಾದ ಉದಾಹರಣೆಗಳಿವೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಗೆ 10 ಲಕ್ಷ ತಂದವನು ಮೂರು ವರ್ಷಕ್ಕೆ ಕಟ್ಟುವ ಬಡ್ಡಿಯೇ 10 ಲಕ್ಷ 80 ಸಾವಿರ. ಬಂದ ಸಬ್ಸಿಡಿ ಬಡ್ಡಿಗೂ ಸಾಲದು, ಅಸಲು ಹಾಗೇ ಉಳಿಯುತ್ತದೆ. ಮೊದಲೇ ದುಡ್ಡಿದ್ದವನಿಗೆ ಇದು ಆಸರೆ, ಇಲ್ಲದವನಿಗೆ ದೂರದ ದೀಪ. ಸಬ್ಸಿಡಿಯ ಒಂದು ಪಾಲನ್ನಾದರೂ ಚಿತ್ರಕಥೆ ನೋಡಿ ಮುಂಗಡವಾಗಿ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿಯೇ ‘ಲೂಸಿಯಾ’ (2013) ನನಗೆ ಅಷ್ಟು ಮುಖ್ಯ. ನಿರ್ಮಾಪಕರು ಸಿಗದ ಬೇಸರವನ್ನು ನಿರ್ದೇಶಕ ಪವನ್ ಕುಮಾರ್ ತಮ್ಮ ಬ್ಲಾಗಿನ ಓದುಗರ ಮುಂದೆ ತೋಡಿಕೊಂಡರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಕೂಡಿಸಿದರು. ದುಡ್ಡು ಹಾಕಿದವರು ಪಾತ್ರ ಕೇಳಲಿಲ್ಲ, ಸಿನಿಮಾ ಕೇಳಿದರು. ಹತ್ತು ವರ್ಷದ ಮೇಲೆ, 2023ರಲ್ಲಿ, ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆಗೆ ಅವರ ನೂರರಷ್ಟು ಓದುಗರೇ ನಿರ್ಮಾಪಕರಾದರು. ಅರಸೀಕೆರೆ ತಾಲ್ಲೂಕಿನ ನಟ ಧನಂಜಯ ತಮ್ಮ ಡಾಲಿ ಪಿಕ್ಚರ್ಸ್ ಮೂಲಕ ಅದನ್ನು ಅರ್ಪಿಸಿದರು. ಒಬ್ಬ ಲೇಖಕನ ಮೇಲಿನ ಅಭಿಮಾನ ಬಂಡವಾಳವಾಗಿ ನಿಂತದ್ದು ಕನ್ನಡಕ್ಕೆ ಹೆಮ್ಮೆಯ ವಿಷಯ.

ಈ ಎರಡನ್ನೂ ದಾರಿ ಎನ್ನಬಹುದೇ? ಪೂರ್ತಿಯಾಗಿ ಅಲ್ಲ. ‘ಲೂಸಿಯಾ’ ಹೊತ್ತಿಗೆ ಪವನ್ ಹೊಸಬರಲ್ಲ. ‘ಮನಸಾರೆ’, ‘ಪಂಚರಂಗಿ’ಗೆ ಬರೆದು, ‘ಲೈಫು ಇಷ್ಟೇನೆ’ ನಿರ್ದೇಶಿಸಿ ಜನರ ನಂಬಿಕೆ ಗಳಿಸಿದ್ದರು. ‘ಮುಸ್ತಾಫಾ’ಗೆ ತೇಜಸ್ವಿಯವರ ಹೆಸರೇ ಜಾಮೀನು. ಅರಕಲಗೂಡಿನ ಹುಡುಗಿಗೆ ಇಂಥ ಜಾಮೀನು ಎಲ್ಲಿಂದ ಬರಬೇಕು? ‘ಶಿವಮ್ಮ’ದ ನಿರ್ದೇಶಕ ಜೈಶಂಕರ್ ಆರ್ಯರ್ ಅವರಿಗೆ ನಟ ರಿಷಬ್ ಶೆಟ್ಟಿ ನಿರ್ಮಾಪಕರಾಗಿ ಒದಗಿದರು, ಚಿತ್ರ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಸಂತೋಷ. ಆದರೆ ಗೆದ್ದ ನಟರ ಒಳ್ಳೆಯ ಮನಸ್ಸನ್ನೇ ನಂಬಿ ಎಷ್ಟು ಜನ ಕೂರಲು ಸಾಧ್ಯ?

ನನ್ನ ಕಣ್ಣು ಹೋಗುವುದು ಊರಿನ ಹಾಲಿನ ಡೈರಿಯ ಕಡೆಗೆ. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು ಶ್ಯಾಮ್ ಬೆನಗಲ್ ಅವರ ‘ಮಂಥನ್’ ಚಿತ್ರದ ನಿರ್ಮಾಪಕರಾದರು. ನಮ್ಮ ಗಿರೀಶ ಕಾರ್ನಾಡರೂ ಅದರಲ್ಲಿ ನಟಿಸಿದ್ದರು. ಹಾಸನವೂ ಹಾಲಿನ ಜಿಲ್ಲೆಯೇ. ಬೆಳಗ್ಗೆ ಕ್ಯಾನು ಹಿಡಿದು ಸಾಲು ನಿಲ್ಲುವ ಜನ ಇಲ್ಲೂ ಇದ್ದಾರೆ. ಅಲ್ಲಿ ಎರಡು ರೂಪಾಯಿ ಬಂದದ್ದು ಸಿನಿಮಾದ ಮೋಹದಿಂದಲ್ಲ, ಲೆಕ್ಕ ತಪ್ಪದ ಸಹಕಾರ ಸಂಘದ ಮೇಲಿನ ನಂಬಿಕೆಯಿಂದ. ಹೊಸಬರು ಈ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಕ್ಯಾಮೆರಾ, ಲೆನ್ಸು ಎಂದು ಪಟ್ಟಿ ಬರೆಯುತ್ತಾರೆ, ಖರ್ಚಿನ ಪುಸ್ತಕ ಇಡುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಲಾಭದ ಪಾಲು ಕೊಡುತ್ತೇನೆಂದು ಕಂಡಕಂಡವರ ಹತ್ತಿರ ಹಣ ಎತ್ತುವಂತಿಲ್ಲ. 2013ರ ಕಂಪನಿ ಕಾಯ್ದೆಯಡಿ ಖಾಸಗಿಯಾಗಿ ಷೇರು ಕೊಡುವುದಕ್ಕೆ ವರ್ಷಕ್ಕೆ 200 ಜನರ ಮಿತಿಯಿದೆ. ಮುಂಗಡ ಟಿಕೆಟ್ಟಾಗಿಯೋ ಕೊಡುಗೆಯಾಗಿಯೋ ಕೇಳುವುದು ನೇರ ದಾರಿ. ಅದಕ್ಕೂ ಮೊದಲು ಇಪ್ಪತ್ತು ನಿಮಿಷದ ಒಂದು ಕಿರುಚಿತ್ರ ಮಾಡಿ, ದುಡ್ಡು ಕೊಟ್ಟ ಇಪ್ಪತ್ತೈದು ಜನರನ್ನು ಕೂರಿಸಿ ತೋರಿಸಿದರೆ ಮುಂದಿನ ಸಲ ಅವರೇ ಜಾಮೀನು ನಿಲ್ಲುತ್ತಾರೆ.

ಆ ‘ಕುರುಕ್ಷೇತ್ರ’ದಿಂದ ಕಲಿಯಬೇಕಾದದ್ದೂ ಇದೆ. ನಾಟಕ ಮುಗಿದ ಮಾರನೆಯ ದಿನ, ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರದ ಪಾತ್ರಧಾರಿಗಳೆಲ್ಲ ದೇವಸ್ಥಾನದ ಜಗುಲಿಯ ಮೇಲೆ ಕೂರುತ್ತಾರೆ. ಒಬ್ಬರು ಪುಸ್ತಕ ತೆರೆದು ಸೀನರಿಗೆ ಇಷ್ಟು, ಮೇಷ್ಟ್ರಿಗೆ ಇಷ್ಟು, ಉಳಿದದ್ದು ಇಷ್ಟು ಎಂದು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾರೆ.